ಅಜ್ಜಿಯ ಟ್ರಂಕಿನ ಇಳಕಲ್ ಸೀರೆ, ಮೈಸೂರು ರೇಷ್ಮೆ: ಕತ್ತರಿ ಹಾಕಬಹುದೇ, ಹಾಕಿದರೆ ಎಲ್ಲಿ?

ಹಳೆಪೆಟ್ಟಿಗೆ, ದಾವಣಗೆರೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ ತೀರಿಕೊಂಡು ಎರಡು ವರ್ಷಗಳಾದವು. ಅವರ ಕಬ್ಬಿಣದ ಟ್ರಂಕನ್ನು ಕಳೆದ ತಿಂಗಳು ಮೊದಲ ಬಾರಿಗೆ ತೆರೆದಾಗ ಒಂಬತ್ತು ಗಜದ ಎರಡು ಇಳಕಲ್ ಸೀರೆಗಳು, ಕಸೂತಿ ಇರುವ ಒಂದು ಕಪ್ಪು ಚಂದ್ರಕಾಳಿ ಸೀರೆ, ಸಾಸಿವೆ ಬಣ್ಣದ ಒಂದು ಮೈಸೂರು ರೇಷ್ಮೆ ಸೀರೆ, ಐದಾರು ಪಾಲಿಸ್ಟರ್ ಸೀರೆಗಳು ಮತ್ತು ಅಜ್ಜನ ನಾಲ್ಕು ಪಂಚೆಗಳು ಸಿಕ್ಕವು. ಇಳಕಲ್ ಸೀರೆಗಳಲ್ಲಿ ಒಂದು ಗಟ್ಟಿಯಾಗಿಯೇ ಇದೆ, ಇನ್ನೊಂದರ ಕೆಳಗಿನ ಅಂಚು ಪೂರ್ತಿ ಸವೆದು ಅಲ್ಲಲ್ಲಿ ತೂತು ಬಿದ್ದಿದೆ. ರೇಷ್ಮೆ ಸೀರೆಯನ್ನು ಬಿಡಿಸಿ ನೋಡಿದರೆ ಮಡಿಕೆ ಬಿದ್ದ ಗೆರೆಗಳಲ್ಲೆಲ್ಲ ಬಟ್ಟೆ ಸೀಳಿಕೊಂಡಿದೆ.

ನಾನು ಒಂಬತ್ತು ಗಜದ ಸೀರೆಯನ್ನು ಉಡುವವಳಲ್ಲ, ನನ್ನ ತಾಯಿಯೂ ಉಡುವುದಿಲ್ಲ. ಹಾಗಾಗಿ ಇವುಗಳಿಂದ ತಂಗಿಯ ಮದುವೆಗೆ ಒಂದು ಲಂಗ ದಾವಣಿ, ಕಚೇರಿಗೆ ಹಾಕಿಕೊಂಡು ಹೋಗಲು ಒಂದೆರಡು ಕುರ್ತಾ ಹೊಲಿಸಿಕೊಳ್ಳಬೇಕೆಂಬ ಆಸೆ. ತಾಯಿಗೆ ಮನಸ್ಸಿಲ್ಲ, "ಅಮ್ಮನ ಸೀರೆಗೆ ಕತ್ತರಿ ಹಾಕಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಊರಿನಲ್ಲಿ ವಿಚಾರಿಸಿದ ಮೂವರು ಟೈಲರುಗಳೂ ಹಳೆಯ ಬಟ್ಟೆ ಮುಟ್ಟುವುದಿಲ್ಲ ಎಂದರು. ಇಂಥ ಕೆಲಸ ಮಾಡಿದವರು, ಮಾಡಿಸಿದವರು ಇಲ್ಲಿದ್ದರೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಸಬೇಕಾಗಿ ವಿನಂತಿ.

ಸೂಜಿಮೊನೆ, ಮೈಸೂರು

ಇಪ್ಪತ್ತಾರು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು ನಾನು. ಏನು ಹೊಲಿಸಬೇಕು ಎಂಬ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಬಟ್ಟೆ ಏನನ್ನು ತಡೆದೀತು ಎಂಬುದನ್ನು ಮೊದಲು ನೋಡಿರಿ. ಹೊಸ ಬಟ್ಟೆಯಾದರೆ ನಾವು ಹೇಳಿದಂತೆ ಅದು ಕೇಳುತ್ತದೆ. ಹಳೆಯ ಬಟ್ಟೆಯಾದರೆ ಅದು ಹೇಳಿದಂತೆ ನಾವು ಕೇಳಬೇಕಾಗುತ್ತದೆ.

ಬೆಳಗಿನ ಹೊತ್ತು ಕಿಟಕಿಯ ಎದುರು ಸೀರೆಯನ್ನು ಒಂದೊಂದೇ ಮೊಳ ಬಿಡಿಸಿ ಹಿಡಿಯಿರಿ. ಬೆಳಕು ಹೆಚ್ಚಾಗಿ ತೂರಿ ಬರುವ ಜಾಗಗಳೆಲ್ಲ ಸವೆದ ಜಾಗಗಳು. ಅವುಗಳ ಸುತ್ತ ಬಿಳಿ ದಾರದಿಂದ ದೊಡ್ಡ ಟಾಕು ಹಾಕಿ ಗುರುತು ಮಾಡಿಕೊಳ್ಳಿ. ಸೀಮೆಸುಣ್ಣ ಅಥವಾ ಪೆನ್ಸಿಲಿನ ಗುರುತು ಬೇಡ, ಹಳೆಯ ರೇಷ್ಮೆಯಿಂದ ಅದು ಹೋಗದೆ ಉಳಿದರೆ ಕಷ್ಟ. ಆಮೇಲೆ ಗಟ್ಟಿಯಾಗಿ ಕಾಣುವ ಜಾಗದಲ್ಲಿ ಎರಡೂ ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಹಿಡಿದು, ಹಾಸಿನ (ಉದ್ದದ ಎಳೆಗಳ) ದಿಕ್ಕಿಗೆ ಒಮ್ಮೆ, ಹೊಕ್ಕಿನ (ಅಡ್ಡ ಎಳೆಗಳ) ದಿಕ್ಕಿಗೆ ಒಮ್ಮೆ, ಮೂಲೆಯಿಂದ ಮೂಲೆಗೆ ಒಮ್ಮೆ ಮೆಲ್ಲಗೆ ಎಳೆಯಿರಿ. ಎಳೆದಾಗ ಚಿಟಚಿಟ ಎಂಬ ಸಣ್ಣ ಸದ್ದು ಬಂದರೆ ಒಳಗಿನ ಎಳೆಗಳು ಕಡಿಯುತ್ತಿವೆ ಎಂದೇ ಅರ್ಥ. ಆ ಬಟ್ಟೆಯಲ್ಲಿ ರವಿಕೆ ಹೊಲಿಸುವ ಆಸೆಯನ್ನು ಅಲ್ಲಿಗೇ ಬಿಟ್ಟುಬಿಡಿ. ಮೈಗೆ ಬಿಗಿಯಾಗಿ ಕೂರುವ ರವಿಕೆಯಲ್ಲಿ ಕಂಕುಳು ಮತ್ತು ಬೆನ್ನು ಸದಾ ಎಳೆತಕ್ಕೆ ಒಳಗಾಗುವ ಜಾಗಗಳು. ಕೈ ಮೇಲೆತ್ತಿದ ಮೊದಲ ಸಲವೇ ಅದು ಹರಿಯುತ್ತದೆ.

ನಿಮ್ಮ ಸಾಸಿವೆ ಬಣ್ಣದ ಸೀರೆಯ ಕಥೆಯೂ ಇದೇ ಇರಬೇಕು. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು. ಅಲ್ಲಿ ನೇಯುವುದು ಕ್ರೇಪ್ ರೇಷ್ಮೆ, ಅಂದರೆ ಬಿಗಿಯಾಗಿ ತಿರುಚಿದ ನೂಲಿನ ಬಟ್ಟೆ. ಅದು ಮೈಮೇಲೆ ನೀರಿನಂತೆ ಇಳಿಯುವುದಕ್ಕೂ ಕತ್ತರಿಯ ಕೆಳಗೆ ಜಾರುವುದಕ್ಕೂ ಆ ತಿರುವೇ ಕಾರಣ. ಅದನ್ನು ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಮಡಿಕೆಯ ಗೆರೆಯಲ್ಲಿ ಎಳೆಗಳು ಮುರಿಯುತ್ತವೆ. ಆದರೆ ಮಡಿಕೆಗಳ ನಡುವಿನ ಚೌಕಗಳು ಬಹಳಷ್ಟು ಸಲ ಚೆನ್ನಾಗಿಯೇ ಇರುತ್ತವೆ. ಆ ಚೌಕಗಳ ಅಗಲವನ್ನು ಅಳೆದು ತಿಳಿಸಿದರೆ ಅದರಲ್ಲಿ ಏನಾಗಬಹುದೆಂದು ಹೇಳಬಲ್ಲೆ.

ಇನ್ನೊಂದು ಮಾತು: ಟ್ರಂಕಿನಲ್ಲಿ ನುಸಿಗುಳಿಗೆಗಳು ಇದ್ದರೆ ಈಗಲೇ ತೆಗೆದುಹಾಕಿ. ಜರಿಗೆ ಅವು ಒಳ್ಳೆಯದಲ್ಲ.

ನೂಲಿನೆಳೆ, ಬೆಂಗಳೂರು

ಕ್ಷಮಿಸಿ, ನಾನು ನಿಮ್ಮ ತಾಯಿಯವರ ಪಕ್ಷ. ಒಂಬತ್ತು ಗಜದ ಇಳಕಲ್, ಅದರ ಜೊತೆಗೆ ಕಸೂತಿಯ ಚಂದ್ರಕಾಳಿ, ಇವು ನಮ್ಮ ಹಿಂದಿನವರ ಕೈಕೆಲಸಕ್ಕೆ ಉಳಿದಿರುವ ಸಾಕ್ಷಿಗಳು. ಒಮ್ಮೆ ಕತ್ತರಿಸಿದ ಸೀರೆಯನ್ನು ಮತ್ತೆ ಸೀರೆಯಾಗಿಸಲು ಯಾರಿಂದಲೂ ಆಗದು. ಹೊಸ ಬಟ್ಟೆಯೇ ಬೇಕಾದರೆ ಅಂಗಡಿಯಲ್ಲಿ ಇಳಕಲ್ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅದನ್ನು ಕೊಂಡು ಹೊಲಿಸಿಕೊಳ್ಳಬಹುದು. ಈ ಸೀರೆಗಳನ್ನು ಹಳೆಯ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಹಾಗೆಯೇ ಇಟ್ಟುಕೊಳ್ಳಿ. ತೂತುಗಳಿಗೆ ರಫೂ ಮಾಡಿಸಿ.

ಕುಣಿಮಗ್ಗ, ಇಳಕಲ್

ಮೇಲಿನವರು ಸೀರೆಯ ಮೇಲಿಟ್ಟ ಪ್ರೀತಿಗೆ ನಮಸ್ಕಾರ. ನಮ್ಮದು ಮೂರು ತಲೆಮಾರಿನಿಂದ ಕುಣಿಮಗ್ಗದ, ಅಂದರೆ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಕೈಮಗ್ಗದ ಮನೆ. ನೇಯುವ ಮನೆಯಿಂದ ನಾನು ಹೇಳುವುದು ಸ್ವಲ್ಪ ಬೇರೆ ಇದೆ: ಒಡಲನ್ನು ಕತ್ತರಿಸಿರಿ, ಸೆರಗನ್ನು ಮಾತ್ರ ಕತ್ತರಿಸಬೇಡಿರಿ.

ಕಾರಣ ಹೇಳುತ್ತೇನೆ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ. ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿಯದು, ಸೆರಗಿನದು ಕೆಂಪು ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ತೋಪುತೆನೆ ಎನ್ನುತ್ತಾರೆ. ಒಂದು ಸೀರೆಗೆ ಸಾವಿರಾರು ಎಳೆಗಳು, ಅಷ್ಟನ್ನೂ ಮನೆಯ ಹೆಣ್ಣುಮಕ್ಕಳು ಕೂತು ಬೆರಳಿನಿಂದಲೇ ಕೂಡಿಸುತ್ತಾರೆ. ಸೆರಗಿನ ಹಾಸು ಒಂದು ಸೀರೆಗೆ ಎಷ್ಟು ಬೇಕೋ ಅಷ್ಟೇ ಇರುವುದರಿಂದ ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಪವರ್‌ಲೂಮಿನಲ್ಲಿ ಬರುವ ಅನೇಕ ಸೀರೆಗಳಲ್ಲಿ ಈ ಕೊಂಡಿಯೇ ಇರುವುದಿಲ್ಲ. ಸೆರಗು ಆರಂಭವಾಗುವ ಗೆರೆಯ ಮೇಲೆ ಉಗುರು ಆಡಿಸಿ ನೋಡಿ, ಸಣ್ಣ ಏಣಿನಂತೆ ಕೈಗೆ ತಾಗಿದರೆ ಅದು ಜೋಡಿಸಿದ ಸೀರೆ.

ಒಡಲು ಹಾಗಲ್ಲ, ಅದು ಹತ್ತಿಯ ಬಟ್ಟೆ. ಸವೆಯುವುದೇ ಅದರ ಗುಣ. ನಮ್ಮ ಮನೆಯಲ್ಲೇ ಒಡಲು ಹರಿದ ಸೀರೆಯ ಸೆರಗನ್ನೂ ಅಂಚನ್ನೂ ಉಳಿಸಿಕೊಂಡು, ನಡುವಿನ ಬಟ್ಟೆಯಲ್ಲಿ ಕೂಸಿಗೆ ಅಂಗಿ, ದುಪ್ಪಡಿ ಮಾಡಿಕೊಂಡದ್ದನ್ನು ನೋಡಿಯೇ ನಾನು ಬೆಳೆದದ್ದು. ಟ್ರಂಕಿನಲ್ಲಿ ಜಿರಲೆಗೆ ಮೇವಾಗುವ ಸೀರೆಯನ್ನು ನೋಡಿದರೆ ನೇಯ್ದವರಿಗೇನೂ ಸಂತೋಷವಾಗುವುದಿಲ್ಲ.

ಸೆರಗನ್ನು ಒಡಲಿನಿಂದ ಬೇರ್ಪಡಿಸಲೇಬೇಕಾದರೆ ಕೊಂಡಿಯ ಗೆರೆಯ ಮೇಲೆ ಕತ್ತರಿ ಇಡಬೇಡಿರಿ. ಒಡಲಿನ ಕಡೆಗೆ ನಾಲ್ಕು ಬೆರಳು ಬಟ್ಟೆ ಬಿಟ್ಟು, ಅಲ್ಲಿ ಎರಡು ಸಾಲು ಮೆಷಿನ್ ಹೊಲಿಗೆ ಹಾಕಿ, ಆ ಹೊಲಿಗೆಯ ಆಚೆ ಕತ್ತರಿಸಿರಿ. ಆಗ ಕೊಂಡಿ ಸಡಿಲವಾಗುವುದಿಲ್ಲ, ಸೆರಗು ಇಡಿಯಾಗಿ ನಿಮ್ಮ ಹೆಗಲ ಮೇಲೆ ದಾವಣಿಯಾಗಿಯೋ ದುಪಟ್ಟವಾಗಿಯೋ ಉಳಿಯುತ್ತದೆ.

ಹಳೆಪೆಟ್ಟಿಗೆ, ದಾವಣಗೆರೆ

ಉಗುರು ಆಡಿಸಿ ನೋಡಿದೆ. ಎರಡೂ ಇಳಕಲ್ ಸೀರೆಗಳಲ್ಲಿ ಏಣು ಕೈಗೆ ಸಿಕ್ಕಿತು! ಇಷ್ಟು ವರ್ಷ ನೋಡಿದ ಸೀರೆಯಲ್ಲಿ ಇದನ್ನು ಗಮನಿಸಿರಲೇ ಇಲ್ಲ. ತಾಯಿಯನ್ನು ಕರೆದು ತೋರಿಸಿದೆ. ಅವರೂ ಉಗುರು ಆಡಿಸಿದರು, ಏನೂ ಮಾತನಾಡಲಿಲ್ಲ.

ಸೂಜಿಮೊನೆ ಮೇಡಂ, ರೇಷ್ಮೆ ಸೀರೆಯ ಚೌಕಗಳು ಸುಮಾರು 11 ಇಂಚು ಅಗಲ, 15 ಇಂಚು ಉದ್ದ ಇವೆ. ಜರಿಯಂಚು ಮಾತ್ರ ಎಲ್ಲಿಯೂ ಹರಿದಿಲ್ಲ.

ಕತ್ತರಿ ಮತ್ತು ಟೇಪು, ಹುಬ್ಬಳ್ಳಿ

ನಾನು ಟೈಲರ್. ಮೂವರು ಟೈಲರುಗಳು ನಿರಾಕರಿಸಿದರು ಎಂದು ಬರೆದಿರುವುದನ್ನು ಓದಿದೆ. ಅವರ ಪರವಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಬಟ್ಟೆ ನಮ್ಮ ಮೇಜಿನ ಮೇಲೆ ಹರಿದರೆ ಅದು ಮೊದಲೇ ಜೀರ್ಣವಾಗಿತ್ತು ಎಂದು ಯಾರೂ ಒಪ್ಪುವುದಿಲ್ಲ, "ನಮ್ಮಜ್ಜಿಯ ಸೀರೆ ಹಾಳು ಮಾಡಿದೆ" ಎಂಬ ಮಾತು ಜನ್ಮಕ್ಕಂಟುತ್ತದೆ. ಬಿಡಿಸುವುದು, ಒಗೆಯುವುದು, ಅಸ್ತರಿಗೆ (ಒಳಪದರದ ಬಟ್ಟೆಗೆ) ಹೊಂದಿಸುವುದು ಇವೆಲ್ಲ ಸೇರಿ ಒಂದು ರವಿಕೆಗೆ ಮೂರು ರವಿಕೆಯ ಹೊತ್ತು ಹಿಡಿಯುತ್ತದೆ, ಗಿರಾಕಿ ಕೊಡುವ ಕೂಲಿ ಒಂದೇ ರವಿಕೆಯದು. ಸವೆದ ಜಾಗಗಳನ್ನು ನೀವೇ ಗುರುತು ಮಾಡಿ, ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿ, ಏನು ಹೊಲಿಯಬೇಕೆಂದು ಹಾಳೆಯಲ್ಲಿ ಬರೆದು, ಹೆಚ್ಚಿನ ಕೂಲಿಗೆ ಒಪ್ಪಿಕೊಂಡು ಹೋದರೆ ಹತ್ತರಲ್ಲಿ ಮೂವರಾದರೂ ತೆಗೆದುಕೊಳ್ಳುತ್ತಾರೆ.

ಈಗ ಲಂಗದ ವಿಷಯ. ಇದರಲ್ಲಿ ನಿಮಗೆ ಒಂದು ಅನುಕೂಲವಿದೆ. ಲಂಗಕ್ಕೆ ಸೀರೆಯ ಅಗಲವೇ ಎತ್ತರವಾಗುತ್ತದೆ, ಸೀರೆಯ ಉದ್ದವೇ ನೆರಿಗೆಯಾಗುತ್ತದೆ, ಅಂಚು ತಾನಾಗಿಯೇ ಪಾದದ ಹತ್ತಿರ ಬಂದು ಕೂರುತ್ತದೆ. ಕೆಳಗೆ ಮಡಚಿ ಹೊಲಿಯುವ ಕೆಲಸವೇ ಇಲ್ಲ. ಆದರೆ ನಿಮ್ಮ ಎರಡನೆಯ ಸೀರೆಯ ಕೆಳಗಿನ ಅಂಚು ಸವೆದಿದೆ ಎಂದಿದ್ದೀರಿ. ಹಾಗಿದ್ದರೆ ಸೀರೆಯನ್ನು ತಲೆಕೆಳಗು ಮಾಡಿಕೊಳ್ಳಿ. ನೆಲಕ್ಕೆ ತಾಗಿ, ಕಾಲಿಗೆ ಸಿಕ್ಕಿ ಸವೆಯುವುದು ಕೆಳಗಿನ ಅಂಚು ಮಾತ್ರ. ಮೇಲಿನ ಅಂಚು ಸೊಂಟದಲ್ಲಿ ಸಿಕ್ಕಿಸಿಕೊಂಡೇ ಆಯುಷ್ಯ ಕಳೆದಿರುತ್ತದೆ, ಬಣ್ಣ ಕೂಡ ಮಾಸಿರುವುದಿಲ್ಲ. ಇಳಕಲ್ ಸೀರೆಗೆ ಎರಡೂ ಕಡೆ ಒಂದೇ ಬಗೆಯ ಅಂಚು ಇರುವುದರಿಂದ ಮೇಲಿನದನ್ನು ಕೆಳಗೆ ತಂದರೆ ಯಾರಿಗೂ ಗೊತ್ತಾಗುವುದಿಲ್ಲ. ಸವೆದ ಅಂಚು ಸೊಂಟದ ಕಡೆಗೆ ಬರುತ್ತದೆ, ಅಲ್ಲಿ ಹೇಗೂ ಕತ್ತರಿಸಿ ತೆಗೆಯುವುದೇ.

ಲೆಕ್ಕ ಹೀಗೆ. ಸೀರೆಯ ಅಗಲ 46 ಇಂಚು ಇದೆ ಎಂದುಕೊಳ್ಳೋಣ. ನಿಮ್ಮ ಸೊಂಟದಿಂದ ಪಾದದವರೆಗೆ 39 ಇಂಚು, ಹೊಲಿಗೆಗೆ ಒಂದು ಇಂಚು ಸೇರಿ 40. ಉಳಿಯುವ 6 ಇಂಚಿನಲ್ಲಿ ಹರಿದ ಅಂಚು ಹೋಗುತ್ತದೆ. ಒಂಬತ್ತು ಗಜವೆಂದರೆ ಎಂಟು ಮೀಟರಿಗೆ ಸ್ವಲ್ಪ ಹೆಚ್ಚು. ಅದರಲ್ಲಿ ಸೆರಗಿಗೆ ಸುಮಾರು ಒಂದು ಮೀಟರ್ ತೆಗೆದಿಟ್ಟರೂ ಏಳು ಮೀಟರ್ ಒಡಲು ಉಳಿಯಿತು. ಒಳ್ಳೆಯ ನೆರಿಗೆ ಬರಬೇಕಾದರೆ ಲಂಗಕ್ಕೆ ನಾಲ್ಕು ಮೀಟರ್ ಸಾಕು. ಇನ್ನೂ ಮೂರು ಮೀಟರಿನಲ್ಲಿ ಗಟ್ಟಿಯಾದ ಭಾಗ ಆರಿಸಿಕೊಂಡು ಒಂದು ಕುರ್ತಾ ತೆಗೆಯಬಹುದು.

ರವಿಕೆಗೆ ಮಾತ್ರ ಹಳೆಯ ಬಟ್ಟೆ ಬೇಡ. ಗುಳೇದಗುಡ್ಡದ ಹೊಸ ಖಣ, ಅಂದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಕೊಂಡುಕೊಳ್ಳಿ. ಇಳಕಲ್ ಸೀರೆಗೆ ಖಣದ ಕುಪ್ಪಸ ನಮ್ಮ ಕಡೆಯ ಹಳೆಯ ಜೋಡಿ, ಅದನ್ನು ಬದಲಿಸುವ ಅಗತ್ಯವೇನೂ ನನಗೆ ಕಾಣುವುದಿಲ್ಲ.

ಸೂಜಿಮೊನೆ, ಮೈಸೂರು

ಹುಬ್ಬಳ್ಳಿಯವರು ಹೇಳಿದ ತಲೆಕೆಳಗಿನ ಉಪಾಯ ಬಹಳ ಚೆನ್ನಾಗಿದೆ, ನನಗೂ ಹೊಳೆದಿರಲಿಲ್ಲ.

ರೇಷ್ಮೆಯ ಚೌಕಗಳು 11ಕ್ಕೆ 15 ಎಂದಿದ್ದೀರಿ. ಸಂತೋಷ. ತೋಳಿಲ್ಲದ ಒಂದು ಜಾಕೀಟಿಗೆ ಇದು ಸಾಲುತ್ತದೆ. ಜಾಕೀಟು ಸಡಿಲವಾಗಿ ಇರುವುದರಿಂದ ಬಟ್ಟೆಗೆ ಎಳೆತ ಬೀಳುವುದಿಲ್ಲ. ಮೊದಲು ಮಲ್ ಎಂಬ ತೆಳುವಾದ ಬಿಳಿ ಹತ್ತಿ ಬಟ್ಟೆಯನ್ನು ತಂದು, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ, ಅದು ಕುಗ್ಗುವಷ್ಟು ಮೊದಲೇ ಕುಗ್ಗಿಸಿಬಿಡಿ. ಆಮೇಲೆ ರೇಷ್ಮೆಯ ಪ್ರತಿ ತುಂಡನ್ನೂ ಮಲ್ ಬಟ್ಟೆಯ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಗೆ ಸವರುತ್ತ ಕೂರಿಸಿ, ಒಂದೊಂದು ಇಂಚಿಗೆ ಉದ್ದ ಟಾಕು ಹಾಕಿ ಎರಡನ್ನೂ ಒಂದಾಗಿಸಿ. ಇನ್ನು ಮುಂದೆ ಆ ಎರಡು ಪದರವನ್ನು ಒಂದೇ ಬಟ್ಟೆ ಎಂದು ಭಾವಿಸಿ ಕತ್ತರಿಸಬೇಕು, ಒಂದೇ ಬಟ್ಟೆ ಎಂದು ಹೊಲಿಯಬೇಕು. ಭಾರವನ್ನೆಲ್ಲ ಮಲ್ ಹೊರುತ್ತದೆ, ರೇಷ್ಮೆ ಮೇಲೆ ಬರೀ ಕಾಣಿಸಿಕೊಳ್ಳುತ್ತದೆ. ಮೆಷಿನ್ನಿಗೆ 11ನೆಯ ನಂಬರಿನ ಹೊಸ ಸೂಜಿ ಹಾಕಿಸಿ. ಮೊಂಡಾದ ಸೂಜಿ ರೇಷ್ಮೆಯ ಎಳೆಯನ್ನು ಹಿಡಿದೆಳೆದು ಗೆರೆ ಮೂಡಿಸುತ್ತದೆ, ಆ ಗೆರೆಯನ್ನು ಇಸ್ತ್ರಿಯಿಂದ ಹೋಗಲಾಡಿಸಲು ಆಗದು.

ಜರಿಯಂಚನ್ನು ಜಾಕೀಟಿನ ಮುಂಭಾಗದಲ್ಲಿ ತೆರೆದುಕೊಳ್ಳುವ ಎರಡೂ ಬದಿಗಳಿಗೆ ಮೇಲಿನಿಂದ ಕೆಳಗಿನವರೆಗೆ ಕೊಡಿ. ಕಾರ್ಖಾನೆಯ ಮೈಸೂರು ರೇಷ್ಮೆಯ ಜರಿಯಲ್ಲಿ 65 ಶೇಕಡಾ ಬೆಳ್ಳಿ, 0.65 ಶೇಕಡಾ ಚಿನ್ನ ಇರುತ್ತದೆಂದು ಅವರೇ ಹೇಳಿಕೊಳ್ಳುತ್ತಾರೆ. ಹಾಗಾಗಿ ಬಟ್ಟೆ ಸತ್ತರೂ ಅಂಚು ಬದುಕಿರುವುದು ಆಶ್ಚರ್ಯವೇನಲ್ಲ. ಇಸ್ತ್ರಿ ಮಾಡುವಾಗ ಜರಿಯ ಮೇಲೆ ಒಂದು ಹತ್ತಿ ಬಟ್ಟೆ ಹಾಸಿಕೊಳ್ಳಿ.

ಮಲೆನಾಡಿನವ, ಶಿವಮೊಗ್ಗ

ಜರಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ನಮ್ಮ ಮನೆಯಲ್ಲಿ ಹೀಗೆಯೇ ಹರಿದ ಮೂರು ಜರತಾರಿ ಸೀರೆಗಳಿದ್ದವು. "ಹಳೇ ರೇಷ್ಮೆ ಸೀರೆ ಕೊಳ್ಳುತ್ತೇವೆ" ಎಂದು ಬೀದಿಯಲ್ಲಿ ಕೂಗಿಕೊಂಡು ಬಂದವರಿಗೆ ನನ್ನ ತಾಯಿ ಕೊಟ್ಟರು. ಅವರು ಅಂಚನ್ನು ಉಜ್ಜಿ ನೋಡಿ, "ಇದು ಬರೀ ತಾಮ್ರ" ಎಂದು ಹೇಳಿ ಮೂರಕ್ಕೂ ಸೇರಿ ಒಂದು ಸ್ಟೀಲಿನ ಬೋಗುಣಿ ಕೊಟ್ಟು ಹೋದರು. ಅವರು ಸೀರೆಯನ್ನು ಒಯ್ಯುವುದು ಸುಟ್ಟು ಬೆಳ್ಳಿ ತೆಗೆಯುವುದಕ್ಕೆ. ತಾಮ್ರವೇ ಆಗಿದ್ದರೆ ಅಷ್ಟು ದೂರ ಹೊತ್ತುಕೊಂಡು ಹೋಗುವ ಶ್ರಮ ಯಾಕೆ ಎಂದು ನಮಗೆ ಹೊಳೆದದ್ದು ಆ ಬೋಗುಣಿಯಲ್ಲಿ ಮಾರನೆಯ ದಿನ ಸಾರು ಬಡಿಸುವಾಗ.

ನೂಲಿನೆಳೆ, ಬೆಂಗಳೂರು

ಇಳಕಲ್ಲಿನವರ ಮಾತಿಗೆ ನಾನು ತಲೆಬಾಗುತ್ತೇನೆ. ಒಡಲು ಮತ್ತು ಸೆರಗಿನ ವ್ಯತ್ಯಾಸವನ್ನು ನಾನು ಆ ರೀತಿ ಯೋಚಿಸಿರಲಿಲ್ಲ. ಆದರೆ ಚಂದ್ರಕಾಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದಕ್ಕೆ ಕಾರಣ ಭಾವನೆಯಷ್ಟೇ ಅಲ್ಲ. ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ, ಎಲ್ಲಿಯೂ ಗಂಟು ಹಾಕುವುದಿಲ್ಲ. ಗವಂತಿ ಮತ್ತು ಮುರ್ಗಿ ಎಂಬ ಕಸೂತಿ ಹೊಲಿಗೆಗಳಲ್ಲಿ ಸೂಜಿ ಒಮ್ಮೆ ಹೋದ ದಾರಿಯಲ್ಲೇ ಬಿಟ್ಟ ಜಾಗಗಳನ್ನು ತುಂಬಿಕೊಂಡು ಹಿಂದಕ್ಕೆ ಬರುವುದರಿಂದ ಬಟ್ಟೆಯ ಒಳಬದಿಯೂ ಹೊರಬದಿಯೂ ಒಂದೇ ರೀತಿ ಕಾಣುತ್ತವೆ. ಗಂಟಿಲ್ಲದ ಈ ಕೆಲಸವನ್ನು ನಡುವೆ ಕತ್ತರಿಸಿದರೆ ಗೋಪುರವೋ ತೇರೋ ಅರ್ಧಕ್ಕೆ ತುಂಡಾಗುವುದಲ್ಲದೆ, ತುಂಡಾದ ಕಡೆಯಿಂದ ದಾರ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಗಟ್ಟಿಯಾಗಿರುವ ಸೀರೆಗೆ ಈ ಶಿಕ್ಷೆ ಬೇಡ. ಮದುವೆಗೆ ಹಾಗೆಯೇ ಉಟ್ಟುಕೊಳ್ಳಿ. ಮೊದಲು ಮದುಮಗಳಿಗೆ ಕೊಡುತ್ತಿದ್ದದ್ದೇ ಚಂದ್ರಕಾಳಿ ಅಲ್ಲವೇ?

ಕತ್ತರಿ ಮತ್ತು ಟೇಪು, ಹುಬ್ಬಳ್ಳಿ

ಇದು ಸರಿಯಾದ ಮಾತು. ಕಸೂತಿಯ ಸೀರೆ ಕತ್ತರಿಸಲು ತಂದರೆ ನಾನೂ ಹಿಂದಕ್ಕೆ ಕಳಿಸುತ್ತೇನೆ.

ಹೊಸ ಸೂಜಿ, ಬೆಂಗಳೂರು

ಸೀರೆಯ ಚರ್ಚೆಯ ನಡುವೆ ತಲೆಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ನನಗೆ ಅಜ್ಜಿಯ ಟ್ರಂಕ್ ಇಲ್ಲ. ಚಿಕ್ಕಪೇಟೆಯ ಬಳಿಯ ಸಂಡೇ ಬಜಾರಿನಲ್ಲಿ ದೊಡ್ಡ ಅಳತೆಯ ಗಂಡಸರ ಹತ್ತಿ ಶರ್ಟುಗಳನ್ನೂ ಜೀನ್ಸ್ ಪ್ಯಾಂಟುಗಳನ್ನೂ ಕೊಂಡು ಮಗಳಿಗೆ ಫ್ರಾಕ್ ಹೊಲಿಯುತ್ತೇನೆ. ಕೊಳ್ಳುವಾಗ ಏನು ನೋಡಬೇಕು? ಎರಡು ಸಲ ಮನೆಗೆ ತಂದ ಮೇಲೆ ನಿರಾಸೆಯಾಯಿತು.

ಕತ್ತರಿ ಮತ್ತು ಟೇಪು, ಹುಬ್ಬಳ್ಳಿ

ಶರ್ಟನ್ನು ಎದುರಿನಿಂದ ನೋಡಬೇಡಿ, ಕಾಲರನ್ನು ಎತ್ತಿ ಒಳಗೆ ನೋಡಿ, ಕಂಕುಳನ್ನು ಹೊರಳಿಸಿ ನೋಡಿ. ಬೆವರಿನಿಂದ ಹಳದಿಯಾದ ಜಾಗದಲ್ಲಿ ಬಟ್ಟೆ ಸೊರಗಿರುತ್ತದೆ. ಬೆನ್ನಿನ ಭಾಗ ಸಾಮಾನ್ಯವಾಗಿ ಹೊಸದರಂತೆಯೇ ಇರುತ್ತದೆ, ಮಗುವಿನ ಫ್ರಾಕಿನ ಮುಂಭಾಗಕ್ಕೆ ಅದನ್ನು ಬಳಸಿ. ಗುಂಡಿಪಟ್ಟಿಯನ್ನು ಬಿಚ್ಚಬೇಡಿ, ಅದು ಇದ್ದ ಹಾಗೆಯೇ ಫ್ರಾಕಿನ ಬೆನ್ನಿಗೆ ಬಂದರೆ ಕಾಜಾ ಮಾಡುವ ಕೆಲಸ ಉಳಿಯುತ್ತದೆ. ಬಟ್ಟೆ ಹತ್ತಿಯೋ ಅಲ್ಲವೋ ಎಂಬ ಅನುಮಾನ ಬಂದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಜೀನ್ಸಿಗೆ 16ನೆಯ ನಂಬರಿನ ಸೂಜಿ ಬೇಕು. ದಪ್ಪ ಹೊಲಿಗೆ ದಾಟುವಾಗ ಪೆಡಲ್ ತುಳಿಯದೆ ಚಕ್ರವನ್ನು ಕೈಯಿಂದಲೇ ತಿರುಗಿಸಿ.

ಮಂಡ್ಯದ ಹುಡುಗಿ, ಇಂಗ್ಲೆಂಡ್

ಇಲ್ಲಿ ದಾನದ ಬಟ್ಟೆ ಮಾರುವ ಅಂಗಡಿಗಳು ಊರೂರಿಗೂ ಇವೆ; ನನ್ನ ಚಳಿಗಾಲದ ಕೋಟುಗಳೆಲ್ಲ ಅಲ್ಲಿಂದಲೇ ಬಂದವು. ಯುದ್ಧದ ಕಾಲದಲ್ಲಿ, ಅಂದರೆ 1941ರ ಜೂನ್ 1ರಿಂದ, ಈ ದೇಶದಲ್ಲಿ ಬಟ್ಟೆಗೂ ರೇಷನ್ ಬಂದಿತ್ತು. ಮೊದಲ ವರ್ಷ ಒಬ್ಬರಿಗೆ 66 ಕೂಪನ್ನುಗಳು ಮಾತ್ರ. ಇದ್ದುದನ್ನೇ ಬಿಚ್ಚಿ, ತಿರುಗಿಸಿ, ಹೊಲಿದು ಹಾಕಿಕೊಳ್ಳಿರೆಂದು ಸರ್ಕಾರವೇ ಕರಪತ್ರ ಹಂಚಿತು. ಕೋಟನ್ನು ಬಿಚ್ಚಿ ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿಯುವುದನ್ನು ನನಗೆ ಕಲಿಸಿದ್ದು ಪಕ್ಕದ ಮನೆಯ ವೃದ್ಧೆ. ಉಣ್ಣೆಯ ಹೊರಮೈ ಬಿಸಿಲಿಗೆ ಮಾಸಿದ್ದರೂ ಒಳಮೈಯ ಬಣ್ಣ ಹಾಗೆಯೇ ಇರುತ್ತದೆ.

ನಾನು ಅಂಥ ಒಂದು ಕಪ್ಪು ಕೋಟಿನ ಹರಿದ ಅಸ್ತರನ್ನು ತೆಗೆದು, ಅಮ್ಮನ ಹಳೆಯ ಮೈಸೂರು ರೇಷ್ಮೆಯನ್ನು ಮಲ್ ಬಟ್ಟೆಯ ಮೇಲೆ ಕೂರಿಸಿ ಅಸ್ತರ್ ಮಾಡಿಸಿಕೊಂಡೆ. ಹೊರಗೆ ಯಾರಿಗೂ ಕಾಣದು, ಬಸ್ಸಿನಲ್ಲಿ ಕೋಟಿನ ಗುಂಡಿ ಬಿಚ್ಚಿದಾಗ ಮಾತ್ರ ಕಾಣುತ್ತದೆ. ಆದರೆ ಒಂದು ತಪ್ಪು ಮಾಡಿದೆ. ಅಂಗಡಿಯ ಉಣ್ಣೆಯನ್ನು ನೇರವಾಗಿ ಬೀರುವಿನೊಳಗೆ ತೂಗುಹಾಕಿದ್ದೆ, ಅದರಲ್ಲಿ ನುಸಿಯ ಮೊಟ್ಟೆಗಳಿದ್ದವು. ಉಣ್ಣೆ ತಿನ್ನುವ ಆ ಹುಳು ರೇಷ್ಮೆಯನ್ನೂ ತಿನ್ನುತ್ತದೆ. ಈಗ ಹಳೆಯ ಉಣ್ಣೆ ಏನೇ ತಂದರೂ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಎರಡು ವಾರ ಫ್ರೀಜರಿನಲ್ಲಿಟ್ಟು, ಆಮೇಲೆ ಬಿಚ್ಚುತ್ತೇನೆ.

ಕೌದಿಮನೆ, ಹಾವೇರಿ

ಲಂಗ, ಕುರ್ತಾ, ಜಾಕೀಟು ಎಲ್ಲ ಆದ ಮೇಲೆ ಉಳಿಯುವ ಚೂರುಗಳನ್ನು ಏನು ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ. ನಮ್ಮ ಕಡೆ ಅದು ಕೌದಿಗೆ, ಅಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಹೊದಿಕೆಗೆ, ಹೋಗುತ್ತದೆ. ಹಳೆಯ ಪಂಚೆ ಅಡಿಗೆ, ಸವೆದ ಸೀರೆಯ ಒಡಲು ನಡುವಿಗೆ, ಬಣ್ಣದ ಚೂರುಗಳು ಮೇಲಕ್ಕೆ. ಅಜ್ಜನ ನಾಲ್ಕು ಪಂಚೆ ಎಂದಿರಲ್ಲ, ಎರಡು ಕೌದಿಗೆ ಅಡಿಬಟ್ಟೆ ಆಗಲೇ ಸಿದ್ಧವಾಗಿದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇದನ್ನೇ ಕವಂದಿ ಎಂದು ಬೇರೆ ರೀತಿಯಲ್ಲಿ ಹೊಲಿಯುತ್ತಾರೆ. ಅವರು ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ಸುತ್ತು ಹಾಕುತ್ತ, ತುಂಡುಗಳನ್ನು ಜೋಡಿಸುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗಳಿಗೆ ಬಟ್ಟೆ ಮಡಚಿದ ಸಣ್ಣ ತ್ರಿಕೋನಗಳ ಗೊಂಚಲು ಇಡುತ್ತಾರೆ, ಅದಕ್ಕೆ ಫೂಲ ಎಂಬ ಹೆಸರು. ಫೂಲವಿಲ್ಲದ ಕವಂದಿಯನ್ನು ಅವರು ಬತ್ತಲೆ ಎನ್ನುತ್ತಾರೆ.

ಈಗ ನನ್ನ ಸೊಸೆ ಇದೇ ಕೌದಿಯ ಹೊಲಿಗೆಯಲ್ಲಿ ಮೇಲಂಗಿ ಹೊಲಿಯುತ್ತಿದ್ದಾಳೆ. ಹೊರಗೊಂದು ಒಳಗೊಂದು ಪದರ, ನಡುವೆ ಹಳೆಯ ಪಂಚೆ. ಮೊದಲು ನನಗೆ ನಗು ಬಂದಿತ್ತು, ಹಾಸುವುದನ್ನು ಯಾರಾದರೂ ತೊಡುತ್ತಾರೆಯೇ ಎಂದು. ಚಳಿಯಲ್ಲಿ ಒಮ್ಮೆ ಹಾಕಿಕೊಂಡ ಮೇಲೆ ನಗು ನಿಂತಿತು.

ಪಾಲಿಸ್ಟರ್ ಚೂರುಗಳನ್ನು ಮಾತ್ರ ಹತ್ತಿಯ ಜೊತೆ ಸೇರಿಸಬೇಡಿ. ಹತ್ತಿ ಒಗೆತಕ್ಕೆ ಕುಗ್ಗುತ್ತದೆ, ಪಾಲಿಸ್ಟರ್ ಕುಗ್ಗುವುದಿಲ್ಲ, ಮೇಲೆಲ್ಲ ಉಬ್ಬಿ ನಿಲ್ಲುತ್ತದೆ. ಅವುಗಳಿಂದ ಕೈಚೀಲ ಹೊಲಿಯಿರಿ.

ಹಳೆಪೆಟ್ಟಿಗೆ, ದಾವಣಗೆರೆ

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ಮದುವೆ ಮುಗಿಯಿತು. ಏನೇನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಸವೆದ ಇಳಕಲ್ ಸೀರೆಯನ್ನು ತಲೆಕೆಳಗು ಮಾಡಿ ಲಂಗ ಹೊಲಿಸಿದೆ, ಸೆರಗು ನಾಲ್ಕು ಬೆರಳು ಒಡಲಿನೊಂದಿಗೆ ದುಪಟ್ಟವಾಯಿತು, ಖಣದ ಕುಪ್ಪಸ ಹೊಸದು. ಕತ್ತರಿಸುವ ದಿನ ಟೈಲರ್ ಅಂಗಡಿಗೆ ತಾಯಿಯೂ ಬಂದರು. ಸವೆದ ಅಂಚಿನ ಆರು ಇಂಚಿನ ಪಟ್ಟಿ ಕೆಳಗೆ ಬಿದ್ದಾಗ ಅದನ್ನು ಎತ್ತಿ ಸುರುಳಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು. ಯಾಕೆಂದು ನಾನು ಕೇಳಲಿಲ್ಲ.

ತಪ್ಪೂ ಆಯಿತು. ಲಂಗಕ್ಕೆ ಬಿಳಿ ಅಸ್ತರ್ ಕೊಡಿಸಿದ್ದೆ. ಸೀರೆಯ ದಾಳಿಂಬೆ ಕೆಂಪು ಇಷ್ಟು ವರ್ಷಗಳ ನಂತರವೂ ಬಣ್ಣ ಬಿಡಬಹುದೆಂದು ಊಹಿಸಿರಲಿಲ್ಲ. ಮದುವೆಯ ಮನೆಯ ಬೆವರಿಗೆ ಅಸ್ತರಿನ ಮೇಲೆಲ್ಲ ಕೆಂಪು ಇಳಿಯಿತು. ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯನ್ನು ಒಮ್ಮೆ ಒರೆಸಿ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಈಗ ಅಂಟುವಾಳದ ನೀರಿನಲ್ಲಿ ಬೇರೆಯಾಗಿ ಒಗೆದು, ಕೆಂಪು ಅಸ್ತರನ್ನೇ ಹಾಕಿಸಿದ್ದೇನೆ.

ರೇಷ್ಮೆಯ ಜಾಕೀಟು ಸೂಜಿಮೊನೆ ಮೇಡಂ ಹೇಳಿದಂತೆಯೇ ಆಯಿತು. ಟಾಕು ಹಾಕುವ ಕೆಲಸಕ್ಕೆ ಹನ್ನೊಂದು ಸಂಜೆಗಳು ಬೇಕಾದವು. ಚಂದ್ರಕಾಳಿಯನ್ನು ತಂಗಿ ಅರಿಶಿನದ ದಿನ ಉಟ್ಟಳು, ಕತ್ತರಿ ಹಾಕಿಲ್ಲ. ಗಟ್ಟಿ ಇಳಕಲ್ ಸೀರೆ ಟ್ರಂಕಿನಲ್ಲಿಯೇ ಇದೆ, ಮಡಿಕೆ ಮಾತ್ರ ಬದಲಿಸಿದ್ದೇನೆ.

ಕೌದಿಮನೆಯವರಲ್ಲಿ ಒಂದು ಪ್ರಶ್ನೆ ಉಳಿದಿದೆ. ಪಂಚೆ, ಚೂರುಗಳು ಎಲ್ಲ ಹೊಂದಿಸಿಕೊಂಡು ಕೌದಿ ಆರಂಭಿಸಿದೆ. ನಡುವಿಗೆ ಬರುವಷ್ಟರಲ್ಲಿ ಮೇಲಿನ ಪದರ ಸುಕ್ಕುಗಟ್ಟಿ ಒಂದು ಕಡೆಗೆ ಸರಿಯುತ್ತಿದೆ. ಬಿಚ್ಚಬೇಕೇ?

ಕೌದಿಮನೆ, ಹಾವೇರಿ

ಬಿಚ್ಚಲೇಬೇಕವ್ವ. ಮಡಿಲಿನಲ್ಲಿಟ್ಟುಕೊಂಡು ಹೊಲಿದಿರಬೇಕು, ಅದಕ್ಕೇ ಸರಿದಿದೆ. ಎಲ್ಲ ಪದರಗಳನ್ನೂ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿ, ಮೊದಲು ಅಡ್ಡಡ್ಡ ಉದ್ದುದ್ದ ಗೇಣಿಗೊಂದರಂತೆ ದೊಡ್ಡ ಟಾಕು ಹಾಕಿಕೊಳ್ಳಿ. ಆಮೇಲೆ ನೆಲದ ಮೇಲೇ ಕೂತು ಹೊಲಿಯಿರಿ, ಕೌದಿಯನ್ನು ಎತ್ತಬೇಡಿ, ನೀವೇ ಅದರ ಸುತ್ತ ಸರಿಯುತ್ತ ಹೋಗಿರಿ. ತಾಯಿಯವರನ್ನು ಎದುರು ಬದಿಗೆ ಕೂರಿಸಿಕೊಂಡರೆ ಕೆಲಸ ಅರ್ಧವಾಗುತ್ತದೆ. ಆ ಆರು ಇಂಚಿನ ಅಂಚುಪಟ್ಟಿಯನ್ನು ಅವರು ಕೊಡುವುದಾದರೆ ಕೌದಿಯ ಒಂದು ಬದಿಗೆ ಸರಿಯಾಗಿ ಹೊಂದೀತು.